ಅತ್ತೆಗೊಂದು ಚಿಹ್ನೆ, ಸೊಸೆಗೊಂದು ಚಿಹ್ನೆ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವುದು ಲೋಕದ ಮಾತು. ಭೀರಪಾನಿ ಎಂಬ ಗುಡ್ಡದೂರಿನ ಕಮ್ಮಾರರ ಮನೆಯಲ್ಲಿ ಮಾತ್ರ ಇಬ್ಬರಿಗೂ ಒಂದೇ ದಿನ ಕಾಲ ಕೂಡಿಬಂತು. ಅದೂ ಮನೆಯಲ್ಲಲ್ಲ, ಗ್ರಾಮಪಾಲಿಕೆ ಕಚೇರಿಯ ಅಂಗಳದಲ್ಲಿ, ನಾಮಪತ್ರ ಸಲ್ಲಿಸುವವರ ಸಾಲಿನಲ್ಲಿ.

ಸೊಸೆ ಜುರೇಲಿ ಹಲ್ಲುನೋವಿಗೆ ಔಷಧಿ ತರುತ್ತೇನೆಂದು ಹೇಳಿ ಸಾಪ್ಕೋಟಾ ಮೇಷ್ಟ್ರ ಜೀಪು ಹತ್ತಿದ್ದಳು. ಅತ್ತೆ ಬೇಲ್ಮತಿ ತಂಗಿಯನ್ನು ನೋಡಿ ಬರುತ್ತೇನೆಂದು ಹೇಳಿ ಖತ್ರಿ ಧಣಿಗಳ ಜೀಪು ಹತ್ತಿದ್ದಳು. ಚುನಾವಣಾಧಿಕಾರಿಯ ಮೇಜಿನ ಮುಂದೆ ಜುರೇಲಿ ಹಿಂತಿರುಗಿ ನೋಡಿದರೆ ಮೂರನೆಯವಳಾಗಿ ಅತ್ತೆ ನಿಂತಿದ್ದಾಳೆ, ಕೊರಳಲ್ಲಿ ಚೆಂಡುಹೂವಿನ ಮಾಲೆ.

"ನೀನೇನೇ ಇಲ್ಲಿ? ಹಲ್ಲು ಕೀಳೋ ಡಾಕ್ಟ್ರು ಇಲ್ಲಿ ಕೂತವ್ನಾ?"

"ನಿಮ್ಮ ತಂಗಿ ಮನೆ ಯಾವಾಗ ಕಚೇರಿಗೆ ಬಂತು ಅತ್ತೆ?"

ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧಿಕಾರಿ ಎರಡೂ ಅರ್ಜಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ. ಒಂದೇ ವಾರ್ಡು, ಒಂದೇ ಮನೆ, ಒಂದೇ ಹುದ್ದೆ. "ಕಾನೂನಿನಲ್ಲಿ ಬೇಡ ಅಂತೇನಿಲ್ಲ," ಎಂದು ಎರಡಕ್ಕೂ ಠಸ್ಸೆ ಒತ್ತಿದ. ಜುರೇಲಿ ಸಹಿ ಹಾಕಿದಳು, ಬೇಲ್ಮತಿ ಹೆಬ್ಬೆಟ್ಟು ಒತ್ತಿದಳು.

ನಡೆದದ್ದು ಇಷ್ಟೇ. ಪ್ರತಿ ವಾರ್ಡಿನಿಂದ ಒಬ್ಬ ದಲಿತ ಹೆಂಗಸು ಸದಸ್ಯಳಾಗಿ ಆಯ್ಕೆಯಾಗಬೇಕೆಂದು ಕಾನೂನು. ಮೂರನೇ ವಾರ್ಡಿನಲ್ಲಿ ಒಂಬೈನೂರು ಚಿಲ್ಲರೆ ಓಟು, ಆದರೆ ದಲಿತರ ಮನೆ ಇದ್ದದ್ದು ಒಂದೇ, ಮಂಗಲೆ ಕಮ್ಮಾರನದು. ಆ ಮನೆಯಲ್ಲಿ ಇಬ್ಬರು ಹೆಂಗಸರು. ಊರಿನಲ್ಲಿ ಎರಡು ಪಕ್ಷ, ಕೊಡೆ ಮತ್ತು ಲಾಟೀನು. ಹುಡುಕಿದರೂ ಮೂರನೆಯವಳು ಸಿಗುವಂತಿರಲಿಲ್ಲ. ಹೀಗಾಗಿ ಅತ್ತೆ ಕೊಡೆಯವಳಾದಳು, ಸೊಸೆ ಲಾಟೀನಿನವಳಾದಳು. ಹಿಂದಿನ ದಿನದವರೆಗೆ ಈ ಇಬ್ಬರ ಕೈಯಿಂದ ಒಂದು ಲೋಟ ನೀರು ಕುಡಿಯದ ಜನ ಅವತ್ತು ಇಬ್ಬರ ಕೊರಳಿಗೂ ಹೂವು ಹಾಕಿದರು, ಅದೂ ಬೆರಳು ತಗುಲದ ಹಾಗೆ ದೂರದಿಂದಲೇ.

ಮನೆಗೆ ಬಂದಾಗ ಮಂಗಲೆ ಕುಲುಮೆಯ ಮುಂದೆ ಕುಡುಗೋಲು ಬಡಿಯುತ್ತಿದ್ದ. ಮಗ ಟೇಕೆ ತಿದಿ ಒತ್ತುತ್ತಿದ್ದ. ಸುದ್ದಿ ಅವರಿಗಿಂತ ಮುಂಚೆಯೇ ಗುಡ್ಡ ಇಳಿದು ಬಂದಿತ್ತು.

"ಏನವ್ವಾ ಮೆಂಬರ್ರೇ," ಮಂಗಲೆ ಹೆಂಡತಿಗೆ ಕೈಮುಗಿದ. ಆಮೇಲೆ ಸೊಸೆಗೂ ಮುಗಿದ. "ಏನಮ್ಮಾ ಮೆಂಬರ್ರೇ. ಈ ಮನೇಲಿ ಇವತ್ತು ಅಡುಗೆ ಮಾಡೋರು ಯಾರಾದ್ರೂ ಉಳಿದಿದಾರಾ?"

"ನಗ್ಬೇಡ ಅಪ್ಪಾ," ಟೇಕೆ ತಿದಿ ಬಿಟ್ಟು ಎದ್ದ. "ಅವ್ವ ಯಾಕೆ ನಿಲ್ಬೇಕಿತ್ತು? ಜುರೇಲಿ ಐದನೇ ಕ್ಲಾಸು ಓದಿದಾಳೆ. ಅವ್ವಂಗೆ ಕೊಡೆ ಯಾವ್ದು ನಾಯಿಕೊಡೆ ಯಾವ್ದು ಗೊತ್ತಿಲ್ಲ."

"ಗೊತ್ತು ಕಣೋ," ಬೇಲ್ಮತಿ ಮಾಲೆ ಕಿತ್ತು ಹಿತ್ತಿಲಿಗೆ ಎಸೆದಳು. "ನಾವು ಯಾರ ಕೊಡೆ ಕೆಳಗೆ ಕೂತಿದೀವಿ ಅನ್ನೋದು ನನಗೆ ಗೊತ್ತು. ನಿನಗೇ ಗೊತ್ತಿಲ್ಲ."

ಅದು ಸುಳ್ಳಲ್ಲ. ಮನೆ ನಿಂತ ನೆಲ, ಕುಲುಮೆ ನಿಂತ ನೆಲ, ಹಿತ್ತಿಲಿನ ಸೊಪ್ಪಿನ ಮಡಿ, ಎಲ್ಲ ಖತ್ರಿಗಳದು. ಮಂಗಲೆಯ ಅಜ್ಜನಿಗೆ ಈಗಿನ ಧಣಿಯ ಅಜ್ಜ "ಇಲ್ಲಿ ಕೂತ್ಕೊಂಡು ಬಡಿ" ಎಂದು ಹೇಳಿದ್ದಷ್ಟೇ ಪತ್ರ. ಅಂದಿನಿಂದ ಊರಿನ ನೇಗಿಲು, ಗುದ್ದಲಿ, ಕುಡುಗೋಲು ಇವರ ಕೈಯಲ್ಲಿ ಸಾಣೆಯಾಗುತ್ತಿದ್ದವು, ಸುಗ್ಗಿಗೆ ಮನೆಮನೆಯಿಂದ ಆಯದ ಜೋಳ ಬರುತ್ತಿತ್ತು. ಈಗಿನ ಧಣಿ ಲೋಕೇಂದ್ರ ಖತ್ರಿ ಕೊಡೆಯ ಕಡೆಯಿಂದ ವಾರ್ಡ್ ಅಧ್ಯಕ್ಷಗಿರಿಗೆ ನಿಂತಿದ್ದ. ಬೇಲ್ಮತಿಯನ್ನು ಕರೆದು ಜೀಪು ಹತ್ತು ಎಂದ, ಅವಳು ಹತ್ತಿದಳು. ಯಾಕೆ ಎಂದು ಕೇಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಜುರೇಲಿಗೆ ಇತ್ತು. ಲಾಟೀನಿನ ಕಡೆಯಿಂದ ಅದೇ ಅಧ್ಯಕ್ಷಗಿರಿಗೆ ನಿಂತಿದ್ದ ಸಾಪ್ಕೋಟಾ ಮೇಷ್ಟ್ರನ್ನು ಅವಳು ಕೇಳಿಯೇ ಕೇಳಿದ್ದಳು, ನಿಂತರೆ ನನಗೇನು ಸಿಗುತ್ತದೆ ಎಂದು. "ನಾನು ಅಧ್ಯಕ್ಷ ಆದ್ರೆ ಮೊದಲನೇ ಶಿಫಾರಸು ನಿಮ್ಮ ಮನೇದು," ಎಂದಿದ್ದರು ಮೇಷ್ಟ್ರು. "ಭೂಮಿ ಇಲ್ಲದೋರಿಗೆ ಸರ್ಕಾರ ಜಾಗ ಕೊಡ್ತದೆ. ಪತ್ರ ನಿನ್ನ ಹೆಸರಿಗೇ ಬರ್ತದೆ." ನಿನ್ನ ಹೆಸರಿಗೆ ಎನ್ನುವ ಮಾತು ಕೇಳಿದ ಮೇಲೆ ಜುರೇಲಿಗೆ ಮೂರು ದಿನ ಸರಿಯಾಗಿ ಊಟ ಸೇರಿರಲಿಲ್ಲ.

ಮಾರನೇ ದಿನವೇ ಬೇಲ್ಮತಿ ಕುಲುಮೆಯ ಪಕ್ಕ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದಳು. ಒಳಗೆ ಸೊಸೆಯ ಒಲೆ, ಹೊರಗೆ ಅತ್ತೆಯ ಒಲೆ. ಎರಡರಲ್ಲೂ ಅದೇ ಜೋಳದ ಹಿಟ್ಟಿನ ಢೀಡೋ ಮುದ್ದೆ, ಅದೇ ತುರಿಕೆಸೊಪ್ಪಿನ ಸಾರು. ಮಂಗಲೆಯ ಪಾಡು ನಾಯಿಗೂ ಬೇಡ. ಹೊರಗೆ ಒಂದು ಮುದ್ದೆ ನುಂಗಿ ಒಳಗೆ ಬಂದರೆ ಸೊಸೆ ಇನ್ನೊಂದು ತಟ್ಟೆ ಹಾಕಿ ಕಾಯುತ್ತಿದ್ದಳು.

"ಬೇಡಮ್ಮಾ, ಹೊಟ್ಟೆ ತುಂಬಿದೆ."

"ಕೊಡೆ ಕಡೆ ಊಟ ಆದ್ರೆ ಲಾಟೀನು ಕಡೆ ಹಸಿವಿಲ್ವಾ ಮಾವ?"

ಅವನು ಅದನ್ನೂ ತಿನ್ನುತ್ತಿದ್ದ. ಒಂದು ವಾರದಲ್ಲಿ ಹೊಟ್ಟೆ ಕೆಟ್ಟು ಮಲಗಿದ. ಅವನಿಗೆ ಓಮದ ನೀರು ಕುದಿಸುವ ವಿಷಯದಲ್ಲೂ ಇಬ್ಬರಿಗೂ ಜಗಳವಾಯಿತು.

ಮೇಷ್ಟ್ರು ಒಂದು ದಿನ ಫೋಟೋ ತೆಗೆಯುವವನನ್ನು ಕರೆದುಕೊಂಡು ಬಂದು ಜುರೇಲಿಯ ಅಂಗಳದಲ್ಲಿ ಚಾಪೆಯ ಮೇಲೆ ಕುಳಿತರು. ಚಹಾದ ಲೋಟ ತುಟಿಯವರೆಗೆ ಎತ್ತಿದರು. ಫೋಟೋ ಆಯಿತು. ಲೋಟ ಕೆಳಗಿಟ್ಟರು. ಅವರು ಹೋದ ಮೇಲೆ ತುಂಬಿದ ಲೋಟವನ್ನು ಬೇಲ್ಮತಿ ಎತ್ತಿ ಸೊಸೆಯ ಮುಂದೆ ಹಿಡಿದಳು.

"ಕುಡಿ. ನಿನ್ನ ಅಧ್ಯಕ್ಷರ ಪ್ರಸಾದ."

ಜುರೇಲಿ ಕುಡಿದಳು. ಸಕ್ಕರೆ ಹಾಕಿದ ಚಹಾ, ಚೆಲ್ಲುವುದಕ್ಕೆ ಮನಸ್ಸು ಬರಲಿಲ್ಲ.

ಮೇಷ್ಟ್ರು ಬಿಟ್ಟುಹೋದ ಮಾದರಿ ಮತಪತ್ರವನ್ನು ಅವಳು ಗೋಡೆಗೆ ಅಂಟಿಸಿದಳು. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಬರೀ ಚಿತ್ರಗಳು. ಅಡ್ಡಕ್ಕೆ ಒಂದು ಸಾಲು ಕೊಡೆ, ಅದರ ಕೆಳಗೆ ಒಂದು ಸಾಲು ಲಾಟೀನು. ಒಂದೊಂದು ಸಾಲಿನಲ್ಲೂ ಏಳು ಚೌಕ: ಪಾಲಿಕೆಯ ಅಧ್ಯಕ್ಷ, ಉಪಾಧ್ಯಕ್ಷ, ವಾರ್ಡಿನ ಅಧ್ಯಕ್ಷ, ಮಹಿಳಾ ಸದಸ್ಯೆ, ದಲಿತ ಮಹಿಳಾ ಸದಸ್ಯೆ, ಕೊನೆಗೆ ಇನ್ನಿಬ್ಬರು ಸದಸ್ಯರು. ಒಂದೊಂದು ಹುದ್ದೆಗೆ ಒಂದೇ ಸ್ವಸ್ತಿಕ ಮುದ್ರೆ. ಒಂದೇ ಹುದ್ದೆಗೆ ಎರಡು ಕಡೆ ಒತ್ತಿದರೆ ಆ ಓಟು ಕಸಕ್ಕೆ. ಊರವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತಮ್ಮ ಪಕ್ಷದ ಸಾಲು ಹಿಡಿದು ಎಡದಿಂದ ಬಲಕ್ಕೆ ಸಸಿ ನೆಟ್ಟ ಹಾಗೆ ಏಳೂ ಚೌಕಕ್ಕೆ ಒತ್ತಿಕೊಂಡು ಹೋಗುತ್ತಿದ್ದರು. ಐದನೆಯ ಚೌಕದಲ್ಲಿ ಬೇಲ್ಮತಿ ಇದ್ದಾಳೋ ಜುರೇಲಿ ಇದ್ದಾಳೋ ಯಾರಿಗೆ ಬೇಕು.

ಎರಡನೇ ವಾರ ಖತ್ರಿ ಧಣಿ ಖುದ್ದಾಗಿ ಕುಲುಮೆಗೆ ಬಂದ. ಗುದ್ದಲಿಯನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಮಂಗಲೆ ಅದನ್ನು ಎತ್ತಿಕೊಂಡ.

"ಗುದ್ದಲಿಗೇನಾಗಿಲ್ಲ ಮಂಗಲೆ. ಮಾತಾಡೋಕೆ ಬಂದೆ. ಇಡೀ ಊರು ನನ್ನ ನೋಡಿ ನಗ್ತಿದೆ. ನನ್ನ ನೆಲದ ಮೇಲೆ ಕೂತು ನಿನ್ನ ಸೊಸೆ ಲಾಟೀನು ಹಿಡ್ದವಳೆ."

"ಹೆಣ್ಣುಮಕ್ಕಳ ಬುದ್ಧಿ ಧಣಿ..."

"ಬುದ್ಧಿ ವಿಷಯ ಬಿಡು. ನಿನ್ನ ಹೆಂಡತಿ ಗೆದ್ರೆ ಕುಲುಮೆ ನಡೀತದೆ. ಸೊಸೆ ಗೆದ್ರೆ ಕಬ್ಬಿಣ ಬಡಿಯೋ ಅಡಿಗಲ್ಲು ಎತ್ಕೊಂಡು ನಡೀತಾ ಇರಿ. ನಾನು ಬೈಯೋನಲ್ಲ, ಹೊಡೆಯೋನಲ್ಲ. ನೆಲ ನಂದು, ಅಷ್ಟೇ."

ಟೇಕೆಯ ಕೈಯಲ್ಲಿ ಇಕ್ಕಳವಿತ್ತು. ಅದರ ತುದಿಯಲ್ಲಿ ಕಾದ ಕಬ್ಬಿಣವಿತ್ತು. ಅವನು ಕಬ್ಬಿಣ ಆರಿ ಕಪ್ಪಾಗುವವರೆಗೆ ಹಾಗೇ ಹಿಡಿದುಕೊಂಡು ನಿಂತಿದ್ದ. ಧಣಿ ಹೋದ ಮೇಲೆ ಒಳಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದ.

"ನಿನಗ್ಯಾಕೆ ಬೇಕಿತ್ತು? ಐದು ಕ್ಲಾಸು ಓದಿದ್ದು ತಲೆಗೆ ಏರಿತ್ತಾ?"

"ಮೊನ್ನೆ ನಿಮ್ಮವ್ವನ ಹತ್ರ ಅದೇ ಐದು ಕ್ಲಾಸು ಹೊಗಳ್ತಿದ್ರಲ್ಲ!"

"ಮೊನ್ನೆ ಮನೆ ಇತ್ತು ಕಣೆ."

ಜುರೇಲಿ ಸೆರಗು ಸಿಕ್ಕಿಸಿ ಮೇಷ್ಟ್ರ ಮನೆಗೆ ಓಡಿದಳು. ಅವರು ಜಗಲಿಯ ಮೇಲಿದ್ದರು, ಅವಳು ಅಂಗಳದಲ್ಲಿ ನಿಂತಳು.

"ನನ್ನ ಹೆಸರು ತೆಗೆದುಬಿಡಿ ಮೇಷ್ಟ್ರೇ. ನಮ್ಮನ್ನ ಎತ್ತಂಗಡಿ ಮಾಡ್ತಾರಂತೆ."

"ಹಿಂತೆಗೆದುಕೊಳ್ಳೋ ದಿನ ಮುಗಿದು ಆರು ದಿನ ಆಯ್ತಮ್ಮ. ಮತಪತ್ರ ಅಚ್ಚಾಗಿದೆ. ಅದರಲ್ಲಿ ನಿನ್ನ ಹೆಸರು ಎಲ್ಲಿದೆ ತೆಗೆಯೋಕೆ? ಇರೋದು ಲಾಟೀನು. ಹೆದರ್ಬೇಡ, ಗೆದ್ದ ಮೇಲೆ ನಾನಿಲ್ವಾ?"

ಎರಡು ಒಲೆ ಹೂಡಬಹುದು, ಆದರೆ ಬೀಸುವ ಕಲ್ಲು ಒಂದೇ, ಅದನ್ನು ತಿರುಗಿಸಲು ಎರಡು ಕೈ ಬೇಕು. ಸಂಜೆ ಅತ್ತೆ ಸೊಸೆ ಮಾತಿಲ್ಲದೆ ಎದುರುಬದುರು ಕೂತು ಜೋಳ ಬೀಸುತ್ತಿದ್ದರು. ಬೇಲ್ಮತಿಯ ಕೈ ಇದ್ದಕ್ಕಿದ್ದಂತೆ ನಿಂತಿತು.

"ಸೋಲೇ ನನ್ನವ್ವಾ. ನಿನ್ನ ಕಾಲಿಗೆ ಬೀಳ್ತೀನಿ."

"ಹಾಗನ್ಬೇಡಿ ಅತ್ತೆ."

"ನನಗೆ ಮೆಂಬರಾಗೋ ಆಸೆ ಇದೆ ಅಂದ್ಕೊಂಡಿದೀಯಾ? ಆ ಕಚೇರೀಲಿ ಎಲ್ಲಿ ಕೂರ್ಬೇಕು ಅಂತ ಕೂಡ ನನಗೆ ಗೊತ್ತಾಗಲ್ಲ. ಈ ಮುದುಕ ಅಡಿಗಲ್ಲು ಹೊತ್ಕೊಂಡು ಎಲ್ಲಿಗೆ ಹೋಗ್ತಾನೆ? ನಮ್ಮಂಥೋರ್ಗೆ ಯಾವ ಊರಲ್ಲಿ ಯಾರು ಜಾಗ ಕೊಡ್ತಾರೆ?"

"ಗೆಲ್ಲೋದೇ ನನ್ನ ಕೈಲಿರಲಿಲ್ಲ. ಸೋಲೋದು ಹೇಗೆ ನನ್ನ ಕೈಲಿರ್ತದೆ?"

"ಕೇಳ್ಕೊಳ್ಳೇ. ಓಟು ಕೇಳೋಕೆ ಹೋಗೋ ಹಾಗೆ ಹೋಗಿ ಬೇಡ ಅಂತ ಕೇಳ್ಕೊ."

ಜುರೇಲಿ ಅಳಲಿಲ್ಲ. ಹಿಟ್ಟು ಬಳಿದು ಜರಡಿಗೆ ಹಾಕಿದಳು. ಪತ್ರದ ಮೇಲೆ ತನ್ನ ಹೆಸರು ಬರುವ ಆಸೆ ಅವಳಲ್ಲಿ ಸತ್ತದ್ದು ಆ ಹೊತ್ತಿನಲ್ಲೇ, ಮತ್ತೆ ಅದರ ಬಗ್ಗೆ ಅವಳು ಯಾರ ಮುಂದೆಯೂ ಮಾತಾಡಲಿಲ್ಲ.

ಮಾರನೇ ಬೆಳಿಗ್ಗೆಯಿಂದ ಅವಳು ಮನೆಮನೆ ಸುತ್ತತೊಡಗಿದಳು. ಕಮ್ಮಾರರ ಮನೆಯವಳು, ಎಲ್ಲ ಅಂಗಳಗಳೂ ಗೊತ್ತು. ಲಾಟೀನಿನ ಮನೆಗಳಲ್ಲಿ "ಐದನೇ ಚೌಕದಲ್ಲಿ ಮಾತ್ರ ಕೊಡೆಗೆ ಒತ್ತಿ" ಎಂದಳು. ಅಲ್ಲಿನವರು ಬೈದರು, ಒಬ್ಬ ಕಲ್ಲೆತ್ತಿದ. ಕೊಡೆಯ ಮನೆಗಳಲ್ಲಾದರೂ ಒಂದು ಓಟೂ ತಪ್ಪದಿರಲಿ ಎಂದು ಅತ್ತ ಹೆಚ್ಚು ಓಡಾಡಿದಳು. "ನಮ್ಮತ್ತೆಗೆ ಒತ್ತೋದು ಮರೀಬೇಡಿ, ನಮ್ಮತ್ತೆಗೆ," ಎಂದು ಪ್ರತಿ ಅಂಗಳದಲ್ಲೂ ಕೈಮುಗಿದಳು.

ಕೊಡೆಯ ಮನೆಯ, ಮಗರ್ ಜಾತಿಯ ಮುದುಕಿ ನೈನಕಲಿ ಭತ್ತ ಕುಟ್ಟುವುದನ್ನು ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ತನಗೆ ಓಟು ಬೇಡ ಅಂತ ಕೇಳೋ ಕ್ಯಾಂಡಿಡೇಟನ್ನ ಈ ಕಣ್ಣಲ್ಲಿ ನೋಡಿದ್ದು ಇದೇ ಮೊದಲು. ಸೊರಗಿಹೋಗಿದೀಯಲ್ಲೇ ಮಗಳೇ! ಅತ್ತೆಗೂ ಹಾಕೋಣ, ನಿನಗೂ ಹಾಕೋಣ ಬಿಡು. ಒಂದೇ ಮನೆಯೋರು, ಒಬ್ಬಳ ತಟ್ಟೆಗೆ ಬಡಿಸಿ ಇನ್ನೊಬ್ಬಳನ್ನ ನೋಡ್ತಾ ಕೂರಿಸೋಕಾಗ್ತದಾ?"

"ಹಾಗೆ ಮಾಡ್ಬೇಡಿ ಅಜ್ಜಿ, ಎರಡೂ ಕೆಟ್ಟೋಗ್ತವೆ!"

"ಒಳ್ಳೇದು ಮಾಡಿದ್ರೆ ಏನೂ ಕೆಡಲ್ಲ, ಹೋಗು," ಎಂದು ಮುದುಕಿ ಒನಕೆ ಎತ್ತಿದಳು. ಆ ಸಾಲಿನ ಮನೆಗಳಲ್ಲಿ ಅವಳ ಮಾತೇ ಕಾನೂನು.

ಮತದಾನ ಶಾಲೆಯಲ್ಲಿ. ಹೆಂಗಸರ ಸಾಲು ಬೇರೆ, ಗಂಡಸರ ಸಾಲು ಬೇರೆ. ಬೇಲ್ಮತಿ ಸೊಸೆಗಿಂತ ಇಬ್ಬರು ಮುಂದಿದ್ದಳು. ಎಡ ಹೆಬ್ಬೆರಳಿನ ಉಗುರಿಗೆ ಶಾಯಿ ಹಚ್ಚಿಸಿಕೊಂಡು ಪರದೆಯ ಹಿಂದೆ ಹೋದವಳು ಬೇಗ ಹೊರಗೆ ಬರಲಿಲ್ಲ. "ಒಳಗೆ ನಿದ್ದೆ ಹೋದ್ಯಾ ಅಜ್ಜಿ?" ಎಂದು ಪೊಲೀಸಿನವನು ಕೂಗಿದ ಮೇಲೆ ಬಂದಳು, ಯಾರ ಮುಖವನ್ನೂ ನೋಡದೆ ಸರಸರನೆ ಮೆಟ್ಟಿಲಿಳಿದು ಹೋದಳು.

ಜುರೇಲಿಯ ಸರದಿ ಬಂತು. ಅಗಲವಾದ ಕಾಗದ, ಶಾಯಿಯ ಡಬ್ಬಿ, ಮರದ ಹಿಡಿಯ ಮುದ್ರೆ. ಮೊದಲ ಎರಡು ಚೌಕ ಲಾಟೀನಿಗೆ ಒತ್ತಿದಳು. ಮೂರನೆಯದಕ್ಕೆ ಕೈ ಮೇಲೆ ಹೋಯಿತು, ಕೊಡೆಗೆ ಒತ್ತಿದಳು. ಧಣಿ ಗೆದ್ದರೆ ಸಿಟ್ಟು ಇಳಿದೀತು. ನಾಲ್ಕನೆಯದು ಲಾಟೀನಿಗೆ. ಐದನೆಯದರ ಮುಂದೆ ಮುದ್ರೆ ಹಿಡಿದು ನಿಂತಳು. ಹುಟ್ಟಿದ ಮೂವತ್ತು ವರ್ಷಕ್ಕೆ ಯಾವುದಾದರೂ ಕಾಗದದಲ್ಲಿ ತನಗೆಂದು ಒಂದು ಚೌಕ ಇದ್ದದ್ದು ಅದೊಂದೇ. ಅವಳು ಅದನ್ನು ಬಿಟ್ಟು ಮೇಲಿನ ಸಾಲಿನ ಕೊಡೆಗೆ ಒತ್ತಿದಳು. ಉಳಿದೆರಡು ಚೌಕ ಲಾಟೀನಿಗೆ ಒತ್ತಿ, ಶಾಯಿ ಆರುವವರೆಗೆ ಊದಿ, ಮಡಿಸಿ, ಪೆಟ್ಟಿಗೆಗೆ ಹಾಕಿದಳು.

ಎಣಿಕೆ ಮುಗಿದದ್ದು ಮೂರನೇ ದಿನ. ಟೇಕೆ ಪಾಲಿಕೆಯಿಂದ ಓಡುತ್ತ ಬಂದ. ಮುಖದ ತುಂಬ ಯಾರೋ ಬಳಿದ ಕೆಂಪು ಗುಲಾಲು, ಅದರ ನಡುವೆ ಅಳುವ ಕಣ್ಣು.

"ನೀನು ಗೆದ್ದೆ ಕಣೆ," ಎಂದ ಹೆಂಡತಿಗೆ. "ಹನ್ನೊಂದು ಓಟಿಂದ ಗೆದ್ದುಬಿಟ್ಟೆ. ಮೇಷ್ಟ್ರೂ ಗೆದ್ರು. ಧಣಿ ಆರು ಓಟಿಂದ ಸೋತ್ರು."

"ಕೊಡೆ ಊರಲ್ಲಿ ಮುಂದಿತ್ತಲ್ಲೋ!" ಬೇಲ್ಮತಿ ಎದ್ದು ಮಗನ ತೋಳು ಹಿಡಿದಳು.

"ಐದನೇ ಚೌಕದಲ್ಲಿ ಅರವತ್ತೆರಡು ಓಟು ಕೆಟ್ಟಿವೆ ಅವ್ವಾ. ಕೊಡೆಗೂ ಒತ್ತಿದಾರೆ, ಲಾಟೀನಿಗೂ ಒತ್ತಿದಾರೆ. ಅವರಲ್ಲಿ ಬಹಳ ಜನ ಮೂರನೇ ಚೌಕದಲ್ಲೂ ಹಾಗೇ ಮಾಡಿ ಧಣಿ ಓಟೂ ಕೆಡಿಸಿದಾರೆ. ಎಣಿಸೋರು ಬಿದ್ದು ಬಿದ್ದು ನಗ್ತಿದ್ರು."

ಜುರೇಲಿಗೆ ಲೆಕ್ಕ ಹೊಳೆಯಿತು. ಲಾಟೀನಿನವರು ಅವಳ ಮಾತು ಕೇಳಿರಲಿಲ್ಲ, ಅವರ ಓಟು ಒಂದೂ ಕದಲಿರಲಿಲ್ಲ. ಅವಳನ್ನು ನೋಡಿ ಮರುಗಿದವರು ಕೊಡೆಯ ಮನೆಗಳವರು. ಅವಳು ಹೋಗದೇ ಇದ್ದಿದ್ದರೆ ಅವರು ಕಣ್ಣುಮುಚ್ಚಿ ಕೊಡೆಯ ಸಾಲಿಗೇ ಒತ್ತುತ್ತಿದ್ದರು, ಅತ್ತೆ ಗೆಲ್ಲುತ್ತಿದ್ದಳು, ಮನೆ ಉಳಿಯುತ್ತಿತ್ತು. ಅವಳ ಬೇಡಿಕೆಯೇ ಅವಳನ್ನು ಗೆಲ್ಲಿಸಿತು.

"ನಾನೂ ಹಾಗೇ ಒತ್ತಿದ್ದು," ಮಂಗಲೆ ಮೂಲೆಯಿಂದ ಮೆಲ್ಲಗೆ ಹೇಳಿದ. "ಏಳಕ್ಕೆ ಏಳೂ ಇಬ್ಬರಿಗೂ ಒತ್ತಿದೆ. ಒಂದೇ ಕಡೆ ಊಟ ಮಾಡಿ ಗೊತ್ತಿದ್ರೆ ತಾನೇ!"

ಅವತ್ತು ಎರಡೂ ಒಲೆ ಹೊತ್ತಲಿಲ್ಲ.

ಜುರೇಲಿ ಪ್ರಮಾಣವಚನ ಸ್ವೀಕರಿಸಿದ ದಿನವೇ ಮೇಷ್ಟ್ರನ್ನು ಕೇಳಿದಳು. ಅವರ ಕೊರಳಿನಲ್ಲಿ ಮಾಲೆಗಳ ರಾಶಿ, ಮುಖ ಕಾಣುತ್ತಿರಲಿಲ್ಲ. "ಅದು ಖಾಸಗಿ ಜಾಗ ಜುರೇಲಿ, ವಾರ್ಡು ಏನು ಮಾಡೋಕಾಗ್ತದೆ? ಒಂದು ಅರ್ಜಿ ಬರಿ. ಭೂಮಿ ಆಯೋಗದವರು ಬಂದಾಗ ನೋಡೋಣ."

"ಯಾವಾಗ ಬರ್ತಾರೆ?"

"ಬಂದಾಗ ಗೊತ್ತಾಗ್ತದಲ್ಲ."

ಆಷಾಢ ಹತ್ತಿರವಾಗಿತ್ತು, ಮಧ್ಯಾಹ್ನವಾದರೆ ಗುಡ್ಡದ ತಲೆಗೆ ಮೋಡ ಕಟ್ಟುತ್ತಿತ್ತು. ಅಂಥ ಒಂದು ಮಧ್ಯಾಹ್ನ ಖತ್ರಿ ಧಣಿ ನಾಲ್ಕು ಆಳುಗಳೊಂದಿಗೆ ಬಂದ. ಸೋತ ಮೇಲೆ ಅವನು ಇಳಿದುಹೋಗಿದ್ದ, ಗಡ್ಡ ಬೆಳೆದಿತ್ತು. ಆಳುಗಳು ಸೂರು ಹತ್ತಿ ತಗಡು ಬಿಚ್ಚಲು ನಿಂತರು. ಮಂಗಲೆ ಅಂಗಳದಲ್ಲಿ ಅಡ್ಡಬಿದ್ದ.

"ಮಳೆಗಾಲ ಕಳೀಲಿ ಧಣಿ. ಸುಗ್ಗಿ ಹೊತ್ತಿಗೆ ನಾವೇ ಎದ್ದು ಹೋಗ್ತೀವಿ."

ಖತ್ರಿ ಆಳುಗಳಿಗೆ ತಡೆಯಿರಿ ಎಂದು ಕೈ ಎತ್ತಿದ. ಅವನ ಅಜ್ಜನ ಕಾಲದ ಕುಲುಮೆ, ಅವನಿಗೂ ಸುಲಭವಿರಲಿಲ್ಲ.

"ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡಿ. ಆರು ಓಟಲ್ಲಿ ಹೋಯ್ತು ನಂದು. ನಿಮ್ಮನೇಲಿ ನಾಲ್ಕು ಓಟಿವೆ. ಒಂದು, ಒಂದೇ ಒಂದು ಓಟು ನನ್ನ ಕೊಡೆಗೆ ಬಿದ್ದಿದ್ರೆ ಹೇಳಿ. ದಸರಾ ಕಳಿಯೋವರೆಗೂ ಇರಿ ಅಂತೀನಿ."

"ನಾನು ಎರಡಕ್ಕೂ ಒತ್ತಿದ್ದೆ ಧಣಿ," ಮಂಗಲೆ ಹೇಳಿದ.

"ಅದು ಓಟಲ್ಲ, ಕಸ. ಮಗ ಲಾಟೀನಿಗೆ, ಅದು ಊರಿಗೇ ಗೊತ್ತು. ಬೇಲ್ಮತಿ, ನಿಂದಂತೂ ನನಗೇ ಬಿದ್ದಿದೆ. ಹೇಳು, ಇವರಿಗೆಲ್ಲ ಕೇಳಲಿ."

ಬೇಲ್ಮತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ನಂದು ಬಿದ್ದಿಲ್ಲ ಧಣಿ."

"ಏನಂದೆ?"

"ಮುದ್ರೆ ಹಿಡ್ಕೊಂಡು ಕೊಡೆ ಮೇಲೆ ಮೂರು ಸಲ ತಂದೆ. ಒತ್ತೋಕಾಗಲಿಲ್ಲ. ನೀವು ಹೇಳಿದಲ್ಲೆಲ್ಲ ನಮ್ಮತ್ತೆ ಹೆಬ್ಬೆಟ್ಟು ಒತ್ತಿದ್ಲು, ನಾನೂ ಒತ್ತಿದೆ. ಆ ಪರದೆ ಹಿಂದೆ ಮಾತ್ರ ನೀವು ಇರಲಿಲ್ಲ, ಈ ಮುದುಕ ಇರಲಿಲ್ಲ, ಯಾರೂ ಇರಲಿಲ್ಲ. ನಮ್ಮ ಹುಡುಗಿ ಅಲ್ವಾ ಅನ್ನಿಸ್ತು. ಏಳೂ ಲಾಟೀನಿಗೆ ಒತ್ತಿ ಬಂದೆ." ಅವಳು ಸೊಸೆಯ ಕಡೆ ತಿರುಗಿದಳು. "ಸೋಲು ಅಂತ ನಿನ್ನ ಕಾಲಿಗೆ ಬಿದ್ದೋಳು ನಾನೇ. ಬೈಯೋದಾದ್ರೆ ಬೈಯಿ. ಆದ್ರೆ ಈ ಮನೆ ಹೆಂಗಸರಿಬ್ಬರೂ ಒಂದು ಸಲವಾದ್ರೂ ನಮ್ಮ ಮನಸ್ಸಿಗೆ ಬಂದ ಕಡೆ ಒತ್ತಿದ್ವಲ್ಲ."

ಟೇಕೆ ಬಾಯಿಬಿಟ್ಟು ತಾಯಿಯನ್ನೇ ನೋಡಿದ. ಖತ್ರಿ ಜುರೇಲಿಯ ಮುಂದೆ ಬಂದು ನಿಂತ.

"ನೀನು? ನಿಂದನ್ನಂತೂ ಕೇಳೋ ಹಾಗೇ ಇಲ್ಲ. ಆದ್ರೂ ಕೇಳ್ತೀನಿ."

ಒಂದು ಹೌದು ಎಂದರೆ ಸಾಕಿತ್ತು. ಮೂರನೆಯದರಲ್ಲಿ ನಿಮಗೆ ಒತ್ತಿದೆ, ಐದನೆಯದರಲ್ಲಿ ಅತ್ತೆಗೆ ಒತ್ತಿದೆ ಎಂದರೆ ಸಾಕಿತ್ತು, ಅದು ನಿಜವೂ ಆಗಿತ್ತು, ದಸರಾವರೆಗೆ ತಲೆಯ ಮೇಲೆ ತಗಡು ಇರುತ್ತಿತ್ತು. ಜುರೇಲಿ ಮಾವನ ಬಗ್ಗಿದ ಬೆನ್ನನ್ನು ನೋಡಿದಳು. ಬಾಗಿಲಲ್ಲಿ ಅತ್ತೆ ತಲೆಯೆತ್ತಿಕೊಂಡು ನಿಂತಿದ್ದಳು. ಈ ಮನೆಗೆ ಬಂದ ಹದಿಮೂರು ವರ್ಷದಲ್ಲಿ ಧಣಿಯ ಎದುರು ಅತ್ತೆ ಹಾಗೆ ನಿಂತದ್ದನ್ನು ಜುರೇಲಿ ನೋಡಿರಲಿಲ್ಲ.

"ನಂದೂ ಬಿದ್ದಿಲ್ಲ ಧಣಿ," ಎಂದಳು. "ಏಳೂ ನನ್ನ ಲಾಟೀನಿಗೇ ಒತ್ತಿದೆ."

ಮೊದಲ ಹನಿ ತಗಡಿನ ಮೇಲೆ ಬಿತ್ತು. ಖತ್ರಿ ಮೇಲೆ ನೋಡಿ, "ಬಿಚ್ಚಿ," ಎಂದ.